ಲುಡ್ವಿಗ್ ಹಾಬರ್ಲಾಂಟ್

ಲುಡ್ವಿಗ್ ಹಾಬರ್ಲಾಂಟ್ (1 ಫೆಬ್ರವರಿ 1885 – 22 ಜುಲೈ 1932) ಆಸ್ಟ್ರಿಯಾ ದೇಶದ ಅಂಗಕ್ರಿಯಾವಿಜ್ಞಾನಿ, ಹಾರ್ಮೋನು ಆಧಾರಿತ ಗರ್ಭನಿರೋಧದ ಮೂಲಪುರುಷರಲ್ಲಿ ಪ್ರಮುಖರು. ಬಸುರಿ ಮೊಲದ ಅಂಡಾಶಯವನ್ನು ಮತ್ತೊಂದು ಹೆಣ್ಣು ಮೊಲದ ಚರ್ಮದಡಿಯಲ್ಲಿ ಕಸಿ ಮಾಡಿದರೆ ಆ ಮೊಲವು ಕೆಲವು ತಿಂಗಳುಗಳ ಕಾಲ ಗರ್ಭ ಧರಿಸುವುದಿಲ್ಲ, ಆಮೇಲೆ ಮತ್ತೆ ಗರ್ಭ ಧರಿಸುತ್ತದೆ ಎಂಬುದನ್ನು ಇವರು ಪ್ರಯೋಗದಿಂದ ತೋರಿಸಿ, ಆ ಫಲಿತಾಂಶವನ್ನು 1921ರಲ್ಲಿ ಪ್ರಕಟಿಸಿದರು. ಇದೇ ವಿಧಾನವನ್ನು ಸ್ತ್ರೀಯರಿಗೂ ಅನ್ವಯಿಸಬಹುದು, ಹಾರ್ಮೋನನ್ನು ಬಾಯಿಯ ಮೂಲಕವೂ ಕೊಡಬಹುದು ಎಂಬ ವಿಚಾರವನ್ನು ಅವರು ಜೀವನದ ಕೊನೆಯವರೆಗೂ ಪ್ರತಿಪಾದಿಸಿದರು. ಗರ್ಭನಿರೋಧಕ ಗುಳಿಗೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಅವರು ಗತಿಸಿ 28 ವರ್ಷಗಳಾಗಿದ್ದವು. ಇಂದು ತೋಳಿನ ಚರ್ಮದಡಿಯಲ್ಲಿ ಇರಿಸಿ ವರ್ಷಗಟ್ಟಲೆ ಬಳಸುವ ಇಂಪ್ಲಾಂಟ್‌ಗಳ ಮೂಲ ಕಲ್ಪನೆಯೂ ಅವರ ಮೊಲದ ಪ್ರಯೋಗದಲ್ಲಿಯೇ ಕಾಣಸಿಗುತ್ತದೆ.

ಜನನ ಮತ್ತು ಕುಟುಂಬ

ಹಾಬರ್ಲಾಂಟ್ ಅವರು ಅಂದಿನ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಗ್ರಾಜ್ ನಗರದಲ್ಲಿ ಜನಿಸಿದರು. ಅವರದು ಮೂರು ತಲೆಮಾರುಗಳ ವಿಜ್ಞಾನಿಗಳ ಮನೆತನ. ತಾತ ಫ್ರೀಡ್ರಿಕ್ ಹಾಬರ್ಲಾಂಟ್ (1826–1878) ಕೃಷಿ ವಿಜ್ಞಾನಿಯಾಗಿದ್ದರು. 1873ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ದೊರೆತ ಸೋಯಾ ಬೀಜಗಳನ್ನು ಬೆಳೆಸಿ, ಆ ಬೆಳೆಯನ್ನು ಮಧ್ಯ ಯೂರೋಪಿಗೆ ಪರಿಚಯಿಸಲು ಅವರು ಶ್ರಮಿಸಿದರು. ತಂದೆ ಗಾಟ್‌ಲೀಬ್ ಹಾಬರ್ಲಾಂಟ್ (1854–1945) ಪ್ರಸಿದ್ಧ ಸಸ್ಯಶಾಸ್ತ್ರಜ್ಞರು. ಸಸ್ಯದಿಂದ ಬೇರ್ಪಡಿಸಿದ ಒಂದೊಂದು ಜೀವಕೋಶವನ್ನೂ ಪೋಷಕ ದ್ರಾವಣದಲ್ಲಿ ಬೆಳೆಸುವ ಪ್ರಯತ್ನವನ್ನು ಅವರು 1902ರಲ್ಲಿ ಪ್ರಕಟಿಸಿದರು. ಇಂದಿನ ಸಸ್ಯ ಅಂಗಾಂಶ ಕೃಷಿಯ ಪಿತಾಮಹರೆಂದು ಅವರನ್ನು ಪಠ್ಯಪುಸ್ತಕಗಳು ಸ್ಮರಿಸುತ್ತವೆ. ಗಾಯಗೊಂಡ ಸಸ್ಯ ಭಾಗಗಳಲ್ಲಿ ಕೋಶವಿಭಜನೆಯನ್ನು ಪ್ರಚೋದಿಸುವ ರಾಸಾಯನಿಕ ವಸ್ತುಗಳಿವೆ ಎಂಬುದನ್ನೂ ಅವರು ಶೋಧಿಸಿದರು. ಹೀಗೆ ತಂದೆ ಸಸ್ಯಗಳ ಹಾರ್ಮೋನುಗಳ ಬೆನ್ನು ಹತ್ತಿದರೆ ಮಗ ಪ್ರಾಣಿಗಳ ಹಾರ್ಮೋನುಗಳ ಬೆನ್ನು ಹತ್ತಿದರು.

ವಿದ್ಯಾಭ್ಯಾಸ ಮತ್ತು ವೃತ್ತಿ

ಲುಡ್ವಿಗ್ ಅವರು ಗ್ರಾಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1909ರಲ್ಲಿ ಪದವಿ ಪಡೆದರು. ರೋಗಿಗಳ ಚಿಕಿತ್ಸೆಗಿಂತ ದೇಹದ ಕ್ರಿಯೆಗಳ ಅಧ್ಯಯನವೇ ಅವರಿಗೆ ಪ್ರಿಯವಾಗಿತ್ತು. ಮುಂದೆ ಟಿರೋಲ್ ಪ್ರಾಂತ್ಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಅಂಗಕ್ರಿಯಾವಿಜ್ಞಾನ ವಿಭಾಗವನ್ನು ಸೇರಿ, ಅಲ್ಲಿಯೇ ಪ್ರಾಧ್ಯಾಪಕರಾಗಿ ಕೊನೆಯವರೆಗೆ ದುಡಿದರು.

ಅವರ ಸಂಶೋಧನೆಯ ಒಂದು ದೊಡ್ಡ ಭಾಗ ಹೃದಯಕ್ಕೆ ಸಂಬಂಧಿಸಿದ್ದು. ಕಪ್ಪೆಯ ಹೃದಯದ ಮಿಡಿತ ಎಲ್ಲಿ ಹುಟ್ಟುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ಅವರು ವರ್ಷಗಳ ಕಾಲ ಪರೀಕ್ಷಿಸಿದರು. ಮಿಡಿತವನ್ನು ಪ್ರಚೋದಿಸುವ ಹಾರ್ಮೋನೊಂದು ಹೃದಯದಲ್ಲಿಯೇ ಉತ್ಪತ್ತಿಯಾಗುತ್ತದೆ ಎಂಬ ವಾದವನ್ನು ಮಂಡಿಸಿ 1927ರಲ್ಲಿ ಈ ಕುರಿತು ಗ್ರಂಥವನ್ನು ಹೊರತಂದರು. ಹಾರ್ಮೋನು ಎಂಬ ಪದವೇ ಬಳಕೆಗೆ ಬಂದದ್ದು 1905ರಲ್ಲಿ. ಗ್ರಂಥಿಗಳು ರಕ್ತಕ್ಕೆ ಸೇರಿಸುವ ಅತ್ಯಲ್ಪ ಪ್ರಮಾಣದ ವಸ್ತುಗಳು ದೂರದ ಅಂಗಗಳನ್ನು ಆಳುತ್ತವೆ ಎಂಬ ವಿಚಾರ ಆ ಕಾಲದ ವೈದ್ಯವಿಜ್ಞಾನದಲ್ಲಿ ಹೊಸ ಉತ್ಸಾಹವನ್ನು ತುಂಬಿತ್ತು. ಹಾಬರ್ಲಾಂಟ್ ಅವರ ಎರಡೂ ಸಂಶೋಧನಾ ಕ್ಷೇತ್ರಗಳು ಈ ಉತ್ಸಾಹದ ಫಲಗಳು.

ಹಿನ್ನೆಲೆ: ಗರ್ಭಾವಸ್ಥೆ ಮತ್ತು ಅಂಡೋತ್ಪತ್ತಿ

ಗರ್ಭಿಣಿಯಾಗಿರುವಾಗ ಸ್ತ್ರೀ ಮತ್ತೊಮ್ಮೆ ಗರ್ಭ ಧರಿಸುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಅದರ ಕಾರಣ ಮಾತ್ರ ಸ್ಪಷ್ಟವಿರಲಿಲ್ಲ. ಅಂಡವು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಹಳದಿ ಬಣ್ಣದ ಪಿಂಡವೇ, ಅಂದರೆ ಕಾರ್ಪಸ್ ಲೂಟಿಯಂ, ಮುಂದಿನ ಅಂಡೋತ್ಪತ್ತಿಯನ್ನು ತಡೆಯುತ್ತದೆ ಎಂಬ ಊಹೆಯನ್ನು ಜಾನ್ ಬಿಯರ್ಡ್ 1897ರಲ್ಲಿ ಮುಂದಿಟ್ಟಿದ್ದರು. ಗರ್ಭಧಾರಣೆಗೆ ಈ ಪಿಂಡ ಅತ್ಯಗತ್ಯವೆಂಬುದನ್ನು ಲುಡ್ವಿಗ್ ಫ್ರೆಂಕೆಲ್ 20ನೇ ಶತಮಾನದ ಆರಂಭದಲ್ಲಿ ಮೊಲಗಳಲ್ಲಿ ತೋರಿಸಿದರು. ಗಿನಿ ಹಂದಿಗಳಲ್ಲಿ ಈ ಪಿಂಡವನ್ನು ಕತ್ತರಿಸಿ ತೆಗೆದರೆ ಮುಂದಿನ ಅಂಡೋತ್ಪತ್ತಿ ಬೇಗ ಆಗುತ್ತದೆಂದು ಲಿಯೋ ಲೋಬ್ 1911ರಲ್ಲಿ ವರದಿ ಮಾಡಿದರು.

ಈ ಬಿಡಿ ಸಂಗತಿಗಳನ್ನು ಕೂಡಿಸಿ, ಅವುಗಳಿಂದ ಗರ್ಭನಿರೋಧದ ಒಂದು ವಿಧಾನವನ್ನೇ ರೂಪಿಸಬಹುದೆಂದು ಯೋಚಿಸಿದ್ದು ಹಾಬರ್ಲಾಂಟ್ ಅವರ ಹೆಚ್ಚುಗಾರಿಕೆ. ಗರ್ಭಾವಸ್ಥೆಯಲ್ಲಿ ದೇಹವು ತಾನಾಗಿ ಉಂಟುಮಾಡುವ ತಾತ್ಕಾಲಿಕ ಬಂಜೆತನವನ್ನು ಗರ್ಭವಿಲ್ಲದ ದೇಹದಲ್ಲಿಯೂ ಉಂಟುಮಾಡಬೇಕು, ಅವಧಿ ಮುಗಿದ ಮೇಲೆ ದೇಹ ಹಿಂದಿನ ಸ್ಥಿತಿಗೆ ಮರಳಬೇಕು ಎಂಬುದು ಅವರ ಚಿಂತನೆಯಾಗಿತ್ತು. ಈ ವಿಚಾರ ಅವರಿಗೆ ಹೊಳೆದದ್ದು 1919ರಲ್ಲಿ, ಮೊದಲನೆಯ ಮಹಾಯುದ್ಧ ಮುಗಿದ ಕೆಲವೇ ತಿಂಗಳುಗಳಲ್ಲಿ.

ಮೊಲದ ಪ್ರಯೋಗ (1919–1921)

ಹಾಬರ್ಲಾಂಟ್ ಅವರು ಬಸುರಿ ಮೊಲಗಳಿಂದ ಅಂಡಾಶಯವನ್ನು ತೆಗೆದು, ಆರೋಗ್ಯವಾಗಿದ್ದ ವಯಸ್ಕ ಹೆಣ್ಣು ಮೊಲಗಳ ಚರ್ಮದಡಿಯಲ್ಲಿ ಕಸಿ ಮಾಡಿದರು. ಅನಂತರ ಆ ಮೊಲಗಳನ್ನು ಗಂಡು ಮೊಲಗಳೊಂದಿಗೆ ಮತ್ತೆ ಮತ್ತೆ ಕೂಡಲು ಬಿಟ್ಟರು. ಈ ಪ್ರಯೋಗಕ್ಕೆ ಮೊಲ ಬಹಳ ಸೂಕ್ತವಾದ ಪ್ರಾಣಿ. ಮೊಲದಲ್ಲಿ ಅಂಡೋತ್ಪತ್ತಿಯು ಕೂಡಿಕೆಯಿಂದಲೇ ಪ್ರಚೋದಿತವಾಗಿ, ಸುಮಾರು ಹತ್ತು ಗಂಟೆಗಳ ನಂತರ ಆಗುತ್ತದೆ. ಗರ್ಭಾವಧಿ ಒಂದು ತಿಂಗಳಷ್ಟೇ. ಆದುದರಿಂದ ಆರೋಗ್ಯವಂತ ಮೊಲ ಪದೇ ಪದೇ ಕೂಡಿಯೂ ಗರ್ಭ ಧರಿಸದಿದ್ದರೆ, ಅದಕ್ಕೆ ಕಸಿಯೇ ಕಾರಣವೆಂದು ನಂಬಲು ಆಧಾರ ಸಿಗುತ್ತದೆ.

ಕಸಿ ಫಲಿಸಿದ ಮೊಲಗಳು ಕೆಲವು ತಿಂಗಳುಗಳ ಕಾಲ ಗರ್ಭ ಧರಿಸಲಿಲ್ಲ. ಕಾಲ ಕಳೆದಂತೆ ಪರಿಣಾಮ ಕುಂದಿ, ಅವು ಮತ್ತೆ ಮರಿ ಹಾಕುವ ಶಕ್ತಿಯನ್ನು ಪಡೆದವು. ಈ ಎರಡನೆಯ ಸಂಗತಿಯನ್ನು ಹಾಬರ್ಲಾಂಟ್ ಅವರು ಮೊದಲನೆಯದರಷ್ಟೇ ಮುಖ್ಯವೆಂದು ಪರಿಗಣಿಸಿದರು. ಆ ಕಾಲದಲ್ಲಿ ಸಂತಾನಹರಣ ಎಂದರೆ ಶಸ್ತ್ರಚಿಕಿತ್ಸೆ ಅಥವಾ ಕ್ಷ-ಕಿರಣ. ಅದರಿಂದ ಹಿಂದಿರುಗುವ ದಾರಿ ಇರಲಿಲ್ಲ. ಅವರು ತೋರಿಸಿದ್ದು ಆರಂಭವೂ ಅಂತ್ಯವೂ ಇರುವ ಬಂಜೆತನವನ್ನು.

ಪ್ರಯೋಗದ ವರದಿಯು 1921ರಲ್ಲಿ ಮ್ಯೂನಿಕ್‌ನ ವೈದ್ಯಕೀಯ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಣ್ಣು ಪ್ರಾಣಿಯ ದೇಹದ ಹಾರ್ಮೋನು ಸಂತಾನಹರಣ ಎಂಬುದು ಅದರ ವಿಷಯ. ಅದೇ ಸುಮಾರಿಗೆ ವಿಯೆನ್ನಾದ ಒಟ್‌ಫ್ರೀಡ್ ಫೆಲ್‌ನರ್ ಅವರೂ ಅಂಡಾಶಯದ ಸಾರಗಳನ್ನು ಚುಚ್ಚಿ ಪ್ರಾಣಿಗಳನ್ನು ತಾತ್ಕಾಲಿಕವಾಗಿ ಬಂಜೆಯಾಗಿಸುವ ಪ್ರಯೋಗಗಳಲ್ಲಿ ತೊಡಗಿದ್ದರು.

ಕಸಿಯ ಪರಿಣಾಮ ಏಕೆ ಕೊನೆಗೊಳ್ಳುತ್ತಿತ್ತು?

ಮೊಲಗಳ ಬಂಜೆತನ ಕೆಲವೇ ತಿಂಗಳುಗಳಿಗೆ ಸೀಮಿತವಾದ ಕಾರಣವನ್ನು ಇಂದಿನ ತಿಳಿವಳಿಕೆಯಿಂದ ವಿವರಿಸಬಹುದು. ಬಸುರಿ ಮೊಲದ ಅಂಡಾಶಯದಲ್ಲಿರುವ ಕಾರ್ಪಸ್ ಲೂಟಿಯಂ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ರಕ್ತದ ಮೂಲಕ ಮೆದುಳಿನ ತಳಭಾಗವನ್ನೂ ಪಿಟ್ಯುಟರಿ ಗ್ರಂಥಿಯನ್ನೂ ಪ್ರಭಾವಿಸಿ, ಅಂಡೋತ್ಪತ್ತಿಗೆ ಬೇಕಾದ ಸಂಕೇತವನ್ನು ತಡೆಹಿಡಿಯುತ್ತದೆ. ಕಸಿಯಾದ ಅಂಗಾಂಶ ಜೀವಂತವಾಗಿದ್ದು ಹಾರ್ಮೋನನ್ನು ಸ್ರವಿಸುವವರೆಗೆ ಮಾತ್ರ ಈ ತಡೆ ಇರುತ್ತದೆ. ಬೇರೊಂದು ಪ್ರಾಣಿಯಿಂದ ಬಂದ ಅಂಗಾಂಶವನ್ನು ದೇಹದ ರಕ್ಷಣಾ ವ್ಯವಸ್ಥೆ ಕ್ರಮೇಣ ತಿರಸ್ಕರಿಸುತ್ತದೆ. ಪಿಂಡವೂ ತಾನಾಗಿ ಕ್ಷೀಣಿಸುತ್ತದೆ. ಸ್ರಾವವು ಅಗತ್ಯ ಮಟ್ಟಕ್ಕಿಂತ ಕೆಳಗಿಳಿದಾಗ ಅಂಡೋತ್ಪತ್ತಿ ಮರಳುತ್ತದೆ.

ಹಾಬರ್ಲಾಂಟ್ ಅವರ ಕಾಲದಲ್ಲಿ ಇವು ಯಾವುವೂ ಗೊತ್ತಿರಲಿಲ್ಲ. ಲೈಂಗಿಕ ಗ್ರಂಥಿಗಳ ಮೇಲೆ ಪಿಟ್ಯುಟರಿಯ ಹಿಡಿತ ಸ್ಪಷ್ಟವಾದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಪ್ರೊಜೆಸ್ಟೆರಾನ್ ಶುದ್ಧ ರೂಪದಲ್ಲಿ ದೊರೆತದ್ದು 1934ರಲ್ಲಿ. ಕಸಿ ತಿರಸ್ಕಾರದ ಕಾರಣ ತಿಳಿದದ್ದು 1940ರ ದಶಕದಲ್ಲಿ. ವಸ್ತುವಿನ ಹೆಸರು ತಿಳಿಯದೆಯೇ ಅದರ ಕೆಲಸವನ್ನು ಅವರು ಕಂಡುಕೊಂಡಿದ್ದರು.

ಬಾಯಿಯ ಮೂಲಕ ಕೊಡುವ ಪ್ರಯತ್ನ ಮತ್ತು ಇನ್‌ಫೆಕುಂಡಿನ್

ಪ್ರಾಣಿಯ ಅಂಗವನ್ನು ಸ್ತ್ರೀಯ ದೇಹದಲ್ಲಿ ಕಸಿ ಮಾಡುವುದು ಕಾರ್ಯಸಾಧ್ಯವಲ್ಲ ಎಂಬುದು ಅವರಿಗೆ ತಿಳಿದಿತ್ತು. ಆದುದರಿಂದ ಅಂಡಾಶಯ ಹಾಗೂ ಜರಾಯುವಿನ ಸಾರಗಳನ್ನು ತಯಾರಿಸಿ ಚುಚ್ಚುವ ಪ್ರಯೋಗಗಳಿಗೆ ತೊಡಗಿದರು. 1927ರ ಹೊತ್ತಿಗೆ ಇಂತಹ ಸಾರವನ್ನು ಇಲಿಗಳಿಗೆ ತಿನ್ನಿಸಿದರೂ ಅವು ತಾತ್ಕಾಲಿಕವಾಗಿ ಗರ್ಭ ಧರಿಸುವುದಿಲ್ಲವೆಂದು ತೋರಿಸಿದರು. ಬಾಯಿಯ ಮೂಲಕ ಸೇವಿಸುವ ಗರ್ಭನಿರೋಧಕದ ಕಲ್ಪನೆಗೆ ಇದು ಪ್ರಾಯೋಗಿಕ ಆಧಾರವನ್ನು ಒದಗಿಸಿತು.

ಹಂಗರಿಯ ಬುಡಾಪೆಸ್ಟ್ ನಗರದ ಗೆಡಿಯಾನ್ ರಿಕ್ಟರ್ ಔಷಧ ಕಂಪನಿಯ ಸಹಕಾರದಿಂದ 1930ರಲ್ಲಿ ಇನ್‌ಫೆಕುಂಡಿನ್ ಎಂಬ ಹೆಸರಿನ ಹಾರ್ಮೋನು ಸಿದ್ಧೌಷಧ ತಯಾರಾಯಿತು. ಅದನ್ನು ಸ್ತ್ರೀಯರ ಮೇಲೆ ಪರೀಕ್ಷಿಸುವ ಸಿದ್ಧತೆ ನಡೆಯಿತು. ಆದರೆ ಪ್ರಾಣಿಗಳ ಗ್ರಂಥಿಗಳಿಂದ ತೆಗೆದ ಸಾರದಲ್ಲಿ ಹಾರ್ಮೋನಿನ ಪ್ರಮಾಣ ಒಂದೇ ಸಮನಾಗಿ ಇರುತ್ತಿರಲಿಲ್ಲ. ಸಹಜ ಪ್ರೊಜೆಸ್ಟೆರಾನ್ ಬಾಯಿಯ ಮೂಲಕ ಸೇವಿಸಿದಾಗ ಬಹುಪಾಲು ಯಕೃತ್ತಿನಲ್ಲಿಯೇ ನಿಷ್ಕ್ರಿಯವಾಗುತ್ತದೆ. ಈ ಅಡ್ಡಿಗಳನ್ನು ದಾಟಲು ಬೇಕಾದ ರಸಾಯನಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ.

1931ರಲ್ಲಿ ಹಾಬರ್ಲಾಂಟ್ ಅವರು ತಮ್ಮ ಹತ್ತು ವರ್ಷಗಳ ಪ್ರಯೋಗಗಳ ಸಾರವನ್ನು ಸ್ತ್ರೀ ದೇಹದ ಹಾರ್ಮೋನು ಸಂತಾನಹರಣವನ್ನು ಕುರಿತ ಕಿರುಪುಸ್ತಕವಾಗಿ ಪ್ರಕಟಿಸಿದರು. ವಿಧಾನದ ತತ್ತ್ವ ಹಾಗೂ ಸ್ತ್ರೀಯರಲ್ಲಿ ಅದರ ಬಳಕೆಯ ಸಾಧ್ಯತೆಯನ್ನು ಅದು ವಿವರಿಸುತ್ತದೆ. ಮುಂದೆ ಮೂರು ದಶಕಗಳ ನಂತರ ನಡೆದ ಬೆಳವಣಿಗೆಗಳ ರೂಪರೇಖೆ ಅದರಲ್ಲಿದೆ ಎಂದು ವಿಜ್ಞಾನದ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ವಿರೋಧ ಮತ್ತು ಮರಣ

ಹಾಬರ್ಲಾಂಟ್ ಅವರು ಬದುಕಿದ್ದ ಟಿರೋಲ್ ಪ್ರಾಂತ್ಯ ಕ್ಯಾಥೊಲಿಕ್ ಸಂಪ್ರದಾಯಗಳಲ್ಲಿ ಆಳವಾಗಿ ಬೇರೂರಿದ್ದ ನಾಡು. ಆಸ್ಟ್ರಿಯಾದಲ್ಲಿ ಗರ್ಭಪಾತ ಶಿಕ್ಷಾರ್ಹ ಅಪರಾಧವಾಗಿತ್ತು. 1930ರ ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಪಯಸ್ ಹೊರಡಿಸಿದ ಧರ್ಮಪತ್ರವು ಕೃತಕ ಗರ್ಭನಿರೋಧವನ್ನು ಪಾಪವೆಂದು ಖಂಡಿಸಿತು. ಇಂತಹ ವಾತಾವರಣದಲ್ಲಿ ಗರ್ಭ ಧರಿಸದಂತೆ ಮಾಡುವ ಔಷಧವನ್ನು ಹುಡುಕುವ ಪ್ರಾಧ್ಯಾಪಕರು ಧಾರ್ಮಿಕ ವಲಯಗಳಿಂದಲೂ ಸಹೋದ್ಯೋಗಿಗಳಿಂದಲೂ ಟೀಕೆ, ನಿಂದನೆಗಳನ್ನು ಎದುರಿಸಬೇಕಾಯಿತು. ಹುಟ್ಟಬೇಕಾದ ಜೀವಗಳಿಗೆ ಅಡ್ಡಿಯಾಗುವವರೆಂಬ ಆರೋಪ ಅವರ ಮೇಲೆ ಬಂತು.

1932ರ ಜುಲೈ 22ರಂದು ಹಾಬರ್ಲಾಂಟ್ ಅವರು ಇನ್ಸ್‌ಬ್ರುಕ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ 47 ವರ್ಷ. ಸಂಶೋಧನೆಯ ಕಾರಣಕ್ಕೆ ಅವರು ಅನುಭವಿಸಿದ ನಿಂದನೆಗೂ ಈ ಸಾವಿಗೂ ಸಂಬಂಧವಿದೆಯೆಂದು ಅವರ ಜೀವನವನ್ನು ಅಭ್ಯಸಿಸಿದವರು ಭಾವಿಸುತ್ತಾರೆ. ತಂದೆ ಗಾಟ್‌ಲೀಬ್ ಅವರು ಮಗನ ಮರಣಾನಂತರ 12 ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು.

ಅವರ ಸಾವಿನೊಂದಿಗೆ ಇನ್‌ಫೆಕುಂಡಿನ್ ಕೆಲಸವೂ ನಿಂತುಹೋಯಿತು. 1933ರಲ್ಲಿ ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ನಾಜಿ ಸರ್ಕಾರ ಅದೇ ವರ್ಷದ ಜುಲೈನಲ್ಲಿ ಕಡ್ಡಾಯ ಸಂತಾನಹರಣದ ಕಾನೂನನ್ನು ತಂದಿತು. 1938ರಲ್ಲಿ ಆಸ್ಟ್ರಿಯಾವನ್ನು ವಶಪಡಿಸಿಕೊಂಡಿತು. ಹಿಂದಿರುಗುವ ದಾರಿಯುಳ್ಳ ವಿಧಾನವನ್ನು ಒಬ್ಬ ವಿಜ್ಞಾನಿ ಹುಡುಕಿದ್ದ ನೆಲದಲ್ಲಿ, ಹಿಂದಿರುಗಲಾಗದ ವಿಧಾನವನ್ನು ಪ್ರಭುತ್ವವು ಜನರ ಮೇಲೆ ಹೇರಿತು. ಹಾಬರ್ಲಾಂಟ್ ಅವರ ಹೆಸರು ಬಹುಕಾಲ ಮರೆವಿಗೆ ಸಂದಿತು.

ನಂತರದ ಬೆಳವಣಿಗೆಗಳು: ಗುಳಿಗೆ

1937ರಲ್ಲಿ ಅಮೆರಿಕದ ವಿಜ್ಞಾನಿಗಳು ಶುದ್ಧ ಪ್ರೊಜೆಸ್ಟೆರಾನ್ ಚುಚ್ಚಿದರೆ ಮೊಲದ ಅಂಡೋತ್ಪತ್ತಿ ನಿಲ್ಲುತ್ತದೆಂದು ತೋರಿಸಿ, ಹಾಬರ್ಲಾಂಟ್ ಅವರ ಅನುಮಾನವನ್ನು ದೃಢಪಡಿಸಿದರು. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸಿ ಮತ್ತು ಸಂಗಡಿಗರು ಬಾಯಿಯ ಮೂಲಕ ಸೇವಿಸಿದರೂ ಶಕ್ತಿ ಕಳೆದುಕೊಳ್ಳದ ಕೃತಕ ಪ್ರೊಜೆಸ್ಟಿನ್ ಅನ್ನು ತಯಾರಿಸಿದರು. ಗ್ರೆಗರಿ ಪಿಂಕಸ್, ಎಂ. ಸಿ. ಚಾಂಗ್ ಮತ್ತು ಜಾನ್ ರಾಕ್ ಅವರ ಸಂಶೋಧನೆಗಳ ಫಲವಾಗಿ 1960ರಲ್ಲಿ ಅಮೆರಿಕದಲ್ಲಿ ಎನೋವಿಡ್ ಎಂಬ ಗುಳಿಗೆಗೆ ಗರ್ಭನಿರೋಧಕವಾಗಿ ಅನುಮತಿ ದೊರೆಯಿತು. 1960ರ ದಶಕದಲ್ಲಿಯೇ ಹಂಗರಿಯಲ್ಲಿ ರಿಕ್ಟರ್ ಕಂಪನಿಯ ಗುಳಿಗೆ ಇನ್‌ಫೆಕುಂಡಿನ್ ಎಂಬ ಹಳೆಯ ಹೆಸರಿನಲ್ಲಿಯೇ ಬಂತು. ಗುಳಿಗೆಯ ವಂಶಾವಳಿಯಲ್ಲಿ ತಾತನ ಸ್ಥಾನ ಹಾಬರ್ಲಾಂಟ್ ಅವರದು ಎಂದು ಜೆರಾಸಿ ಮುಂದೆ ತಮ್ಮ ಬರಹಗಳಲ್ಲಿ ಒಪ್ಪಿಕೊಂಡರು.

ನಂತರದ ಬೆಳವಣಿಗೆಗಳು: ಚರ್ಮದಡಿಯ ಇಂಪ್ಲಾಂಟ್

ಗುಳಿಗೆಯ ಪರಿಣಾಮ ಅದನ್ನು ದಿನವೂ ತಪ್ಪದೆ ಸೇವಿಸುವುದನ್ನು ಅವಲಂಬಿಸಿದೆ. ಒಮ್ಮೆ ಚರ್ಮದಡಿಯಲ್ಲಿ ಇರಿಸಿ ದೀರ್ಘಕಾಲ ಫಲ ಪಡೆಯುವ ಹಾಬರ್ಲಾಂಟ್ ಅವರ ಮೊದಲ ಕಲ್ಪನೆಗೆ ಜೀವ ಬಂದದ್ದು 1960ರ ದಶಕದಲ್ಲಿ. ಸಿಲಿಕೋನ್ ರಬ್ಬರಿನ ಕೊಳವೆಯೊಳಗೆ ಇಟ್ಟ ಔಷಧಗಳು ಅದರ ಗೋಡೆಯ ಮೂಲಕ ನಿಧಾನವಾಗಿ ಹೊರಸೂಸುತ್ತವೆ ಎಂಬುದನ್ನು ಜುಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ 1964ರಲ್ಲಿ ಪ್ರಕಟಿಸಿದರು. ಇದನ್ನು ಆಧರಿಸಿ ಪಾಪ್ಯುಲೇಷನ್ ಕೌನ್ಸಿಲ್ ಸಂಸ್ಥೆಯ ಶೆಲ್ಡನ್ ಸೆಗಲ್, ಚಿಲಿ ದೇಶದ ಹೊರಾಸಿಯೊ ಕ್ರೊಕ್ಸಾಟೊ ಮೊದಲಾದವರು ಇಂಪ್ಲಾಂಟನ್ನು ಅಭಿವೃದ್ಧಿಪಡಿಸಿದರು. ಜೀವಂತ ಅಂಗಾಂಶದ ಜಾಗದಲ್ಲಿ ಅಳೆದು ತುಂಬಿದ ಹಾರ್ಮೋನು ಬಂದಿತು.

ಇಂಪ್ಲಾಂಟ್ ಎಷ್ಟು ಕಾಲ ಪರಿಣಾಮಕಾರಿ ಎಂಬುದು ಒಳಗಿರುವ ಹಾರ್ಮೋನಿನ ಪ್ರಮಾಣ, ಅದು ದಿನವೊಂದಕ್ಕೆ ಹೊರಬರುವ ವೇಗ ಮತ್ತು ಅಂಡೋತ್ಪತ್ತಿಯನ್ನು ತಡೆಯಲು ಬೇಕಾದ ಕನಿಷ್ಠ ಮಟ್ಟಗಳಿಂದ ನಿರ್ಧಾರವಾಗುತ್ತದೆ. ಮುಖ್ಯ ಇಂಪ್ಲಾಂಟ್‌ಗಳ ವಿವರ ಹೀಗಿದೆ:

• ನಾರ್‌ಪ್ಲಾಂಟ್: ತಲಾ 36 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಆರು ಕೊಳವೆಗಳು. 1983ರಲ್ಲಿ ಫಿನ್ಲೆಂಡ್‌ನಲ್ಲಿ, 1990ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನಿಗದಿಯಾದ ಅವಧಿ 5 ವರ್ಷ. 7 ವರ್ಷಗಳವರೆಗೂ ಪರಿಣಾಮಕಾರಿ ಎಂದು ನಂತರದ ಅಧ್ಯಯನಗಳು ತೋರಿಸಿದವು. ಈಗ ಇದು ಬಳಕೆಯಲ್ಲಿಲ್ಲ.
• ಜಾಡೆಲ್: ತಲಾ 75 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಎರಡು ಕಡ್ಡಿಗಳು. ಅವಧಿ 5 ವರ್ಷ.
• ಇಂಪ್ಲನಾನ್ ಮತ್ತು ಅದರ ಸುಧಾರಿತ ರೂಪವಾದ ನೆಕ್ಸ್‌ಪ್ಲನಾನ್: 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಇರುವ, 4 ಸೆಂಟಿಮೀಟರ್ ಉದ್ದದ ಒಂದೇ ಕಡ್ಡಿ. ಮೊದಲು ನಿಗದಿಯಾದ ಅವಧಿ 3 ವರ್ಷ. 5 ವರ್ಷಗಳವರೆಗೂ ಗರ್ಭಧಾರಣೆಯನ್ನು ತಡೆಯುತ್ತದೆ ಎಂದು ನಂತರದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಒಂದೇ ಕಡ್ಡಿಯ ಇಂಪ್ಲಾಂಟಿನಿಂದ ಆರಂಭದ ವಾರಗಳಲ್ಲಿ ದಿನಕ್ಕೆ 60ರಿಂದ 70 ಮೈಕ್ರೊಗ್ರಾಂ ಹಾರ್ಮೋನು ಹೊರಬರುತ್ತದೆ. ಮೊದಲ ವರ್ಷದ ಕೊನೆಗೆ ಅದು 35ರಿಂದ 45ಕ್ಕೆ, ಮೂರನೆಯ ವರ್ಷದ ಕೊನೆಗೆ 25ರಿಂದ 30 ಮೈಕ್ರೊಗ್ರಾಂಗೆ ಇಳಿಯುತ್ತದೆ. ಅಂಡೋತ್ಪತ್ತಿಯನ್ನು ತಡೆಯುವುದರ ಜೊತೆಗೆ ಗರ್ಭಕಂಠದ ಲೋಳೆಯನ್ನು ದಪ್ಪಗಾಗಿಸಿ ವೀರ್ಯಾಣುಗಳಿಗೆ ಅಡ್ಡಿಯಾಗುವುದರಿಂದ, ಇಳಿದ ಪ್ರಮಾಣವೂ ಸಾಕಾಗುತ್ತದೆ. ಅವಧಿಯೊಳಗೆ ಗರ್ಭ ನಿಲ್ಲುವುದು ವರ್ಷಕ್ಕೆ ಸಾವಿರ ಬಳಕೆದಾರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಮತ್ತು ಕಾರ್ಬಮಜೆಪಿನ್, ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಮುಂತಾದ ಔಷಧಗಳು ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗ ಕರಗಿಸುವುದರಿಂದ ಇಂಪ್ಲಾಂಟಿನ ಪರಿಣಾಮ ಕುಗ್ಗುತ್ತದೆ.

ಇಂಪ್ಲಾಂಟನ್ನು ಯಾವಾಗ ಬೇಕಾದರೂ ತೆಗೆಸಬಹುದು. ತೆಗೆದ ಕೆಲವೇ ದಿನಗಳಲ್ಲಿ ಹಾರ್ಮೋನು ರಕ್ತದಿಂದ ಮರೆಯಾಗಿ, ಹೆಚ್ಚಿನವರಲ್ಲಿ ಕೆಲವು ವಾರಗಳೊಳಗೆ ಅಂಡೋತ್ಪತ್ತಿ ಮರಳುತ್ತದೆ. ಹಾಬರ್ಲಾಂಟ್ ಅವರ ಮೊಲದಲ್ಲಿ ಪರಿಣಾಮದ ಕೊನೆಯನ್ನು ಕಸಿಯ ಕ್ಷಯ ನಿರ್ಧರಿಸುತ್ತಿತ್ತು. ಇಂಪ್ಲಾಂಟಿನಲ್ಲಿ ಅದನ್ನು ಬಳಸುವವರೇ ನಿರ್ಧರಿಸಬಹುದು. ಆದರೆ ಕಡ್ಡಿಯನ್ನು ಹಾಕಲೂ ತೆಗೆಯಲೂ ತರಬೇತಾದ ಆರೋಗ್ಯ ಸಿಬ್ಬಂದಿ ಬೇಕು. ತೆಗೆಸಿಕೊಳ್ಳುವ ಸೌಲಭ್ಯ ಸುಲಭವಾಗಿ ದೊರೆಯದ ಕಡೆ, ಅಥವಾ ಇತರರ ಒತ್ತಾಯದಿಂದ ಹಾಕಿಸಿದಾಗ, ತಾತ್ಕಾಲಿಕ ಎಂಬ ಗುಣ ಹೆಸರಿಗೆ ಮಾತ್ರ ಉಳಿಯುತ್ತದೆ. ನಾರ್‌ಪ್ಲಾಂಟ್ ಬಳಕೆಯ ಕಾಲದಲ್ಲಿ ಹಲವು ದೇಶಗಳ ಮಹಿಳಾ ಸಂಘಟನೆಗಳು ಎತ್ತಿದ ಮುಖ್ಯ ಆಕ್ಷೇಪ ಇದೇ ಆಗಿತ್ತು.

ಕಾಲಾನುಕ್ರಮ

• 1885 – ಗ್ರಾಜ್ ನಗರದಲ್ಲಿ ಜನನ
• 1909 – ವೈದ್ಯಕೀಯ ಪದವಿ
• 1919 – ಹಾರ್ಮೋನಿನಿಂದ ತಾತ್ಕಾಲಿಕ ಬಂಜೆತನ ಉಂಟುಮಾಡುವ ವಿಚಾರ
• 1921 – ಮೊಲದ ಅಂಡಾಶಯ ಕಸಿಯ ಫಲಿತಾಂಶ ಪ್ರಕಟಣೆ
• 1927 – ಇಲಿಗಳಲ್ಲಿ ಬಾಯಿಯ ಮೂಲಕ ಕೊಟ್ಟ ಸಾರದ ಪ್ರಯೋಗ. ಹೃದಯದ ಹಾರ್ಮೋನು ಕುರಿತ ಗ್ರಂಥ
• 1930 – ಇನ್‌ಫೆಕುಂಡಿನ್ ತಯಾರಿಕೆ
• 1931 – ಹಾರ್ಮೋನು ಸಂತಾನಹರಣ ಕುರಿತ ಕಿರುಪುಸ್ತಕ
• 1932 – ಇನ್ಸ್‌ಬ್ರುಕ್‌ನಲ್ಲಿ ನಿಧನ